ಇಂಗವ್ವನ ಗಾಡಿಯೂ ನಮ್ಮತ್ತೆಯವರ ಕೊಸರೂ

ಸಂತೆಯಲ್ಲಿ ಕೊಸರು ಕೇಳುವುದಕ್ಕೆ ಒಂದು ಬಗೆಯ ಧೈರ್ಯ ಬೇಕು, ಅದು ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತೂಕವಾಗಿ, ಹಣ ಕೊಟ್ಟು, ವ್ಯವಹಾರವೆಲ್ಲ ಮುಗಿದ ಮೇಲೂ ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದುಕೊಂಡು ನಿಲ್ಲಬೇಕು. ಮಾರುವವನು ಬೇರೆ ಗಿರಾಕಿಯ ಕಡೆ ತಿರುಗಿದರೂ ಕದಲಬಾರದು. ಕೊನೆಗೆ ಅವನೇ ಬೇಸತ್ತು ಒಂದು ಹಿಡಿ ಮೆಣಸಿನಕಾಯಿಯನ್ನೋ ನಾಲ್ಕು ಕಡ್ಡಿ ಕೊತ್ತಂಬರಿಯನ್ನೋ ಮೇಲೆ ಹಾಕಬೇಕು. ನಾನು ಹೀಗೆ ನಿಂತವನಲ್ಲ. ಸವದತ್ತಿಯಲ್ಲಿ ಅವ್ವ ನನ್ನನ್ನು ಸಂತೆಗೆ ಕಳಿಸಿದರೆ, ತೂಕದಲ್ಲಿ ಕಡಿಮೆ ಕೊಟ್ಟವನಿಗೂ ಥ್ಯಾಂಕ್ಸ್ ಹೇಳಿ ಬರುತ್ತಿದ್ದೆ. ಅಂಥವನಿಗೆ ದೇವರು ಬೈಲಹೊಂಗಲದ ನೀಲವ್ವನವರನ್ನು ಅತ್ತೆಯಾಗಿ ಕೊಟ್ಟ. ಅತ್ತೆಯವರು ಚೀಲ ಹಿಡಿದು ಬರುವುದನ್ನು ದೂರದಿಂದ ಕಂಡರೇ ಬದನೆಕಾಯಿ ಮಾರುವವರು ಕೊಸರನ್ನು ಬೇರೆ ತೆಗೆದಿಡುತ್ತಿದ್ದರಂತೆ. ಇದು ನನ್ನ ಹೆಂಡತಿ ಶೈಲಾ ಹೇಳಿದ್ದು. ಅವಳು ತವರಿನ ವಿಷಯ ಹೇಳುವಾಗ ತಾನೂ ಸ್ವಲ್ಪ ಕೊಸರು ಸೇರಿಸುತ್ತಾಳೆ.

ನಾವೀಗ ಇರುವುದು ಡೆನ್ಮಾರ್ಕಿನ ಪಶ್ಚಿಮ ಕಡಲಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನನ್ನ ಕೆಲಸ ಗಾಳಿಯಂತ್ರಗಳ ರಿಪೇರಿ. ಸವದತ್ತಿಯ ಗುಡ್ಡದ ಮೇಲೆ ತಿರುಗುವ ಆ ದೊಡ್ಡ ಫ್ಯಾನುಗಳನ್ನು ಹತ್ತಿ ಇಳಿದು ಕಲಿತ ವಿದ್ಯೆಯೇ ನನ್ನನ್ನು ಇಲ್ಲಿಗೆ ತಂದಿತು. ಊರಲ್ಲಿದ್ದಾಗ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಈ ಫ್ಯಾನುಗಳೇ ಮೋಡಗಳನ್ನು ಓಡಿಸುತ್ತವೆ, ಅದಕ್ಕೇ ಮಳೆಯಾಗುವುದಿಲ್ಲ ಎಂದು ಜನ ಖಚಿತವಾಗಿ ನಂಬಿದ್ದರು. ಮಳೆ ತಡವಾದ ವರ್ಷ ಚಹದ ಅಂಗಡಿಗೆ ಹೋಗುವುದೇ ಕಷ್ಟವಾಗುತ್ತಿತ್ತು. ಇಲ್ಲಿ ಹೊಲಕ್ಕೊಂದರಂತೆ ಗಾಳಿಯಂತ್ರಗಳಿವೆ, ಮಳೆ ಮಾತ್ರ ಹಗಲು ರಾತ್ರಿ ಬಿಡುವುದಿಲ್ಲ. ಅತ್ತೆಯವರು ಬಂದ ಹೊಸತರಲ್ಲಿ ಕಿಟಕಿಯ ಹೊರಗೆ ಬಹಳ ಹೊತ್ತು ನೋಡುತ್ತಾ ನಿಂತು, "ನಮ್ಮ ಮಂದಿ ಸುಳ್ಳೇ ಬೈತಿದ್ರು ನೋಡು ನಿನ್ನ ಗಂಡಗ" ಎಂದು ಮಗಳಿಗೆ ಹೇಳಿದರು. ಊರಿನ ಪರವಾಗಿ ನನಗೆ ಸಿಕ್ಕ ಕ್ಷಮಾಪಣೆ ಅದೊಂದೇ. ನಾನು ಅದನ್ನು ಕೃತಜ್ಞತೆಯಿಂದ ಸ್ವೀಕರಿಸಿದೆ.

ಅವರು ಬಂದದ್ದು ಶೈಲಾಳ ಬಾಣಂತನಕ್ಕೆ. ಮೂರು ತಿಂಗಳ ವೀಸಾ. ಬೈಲಹೊಂಗಲದಲ್ಲಿ ಮಾವನವರು, ಮಗ, ಸೊಸೆ, ಮೊಮ್ಮಕ್ಕಳು ಎಂದು ಮನೆ ತುಂಬ ಜನರಿದ್ದರೂ ಅವರನ್ನೆಲ್ಲ ಬಿಟ್ಟು, ಸೂಟ್‌ಕೇಸಿನ ತುಂಬ ಬಾಣಂತಿಗೆ ಕೊಡುವ ಅಂಟಿನ ಉಂಡಿ ತುಂಬಿಕೊಂಡು, ವಿಮಾನವನ್ನು ಎಂದೂ ಹತ್ತದ ಹೆಂಗಸು ಒಬ್ಬರೇ ಬಂದರು. ಮಗಳಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆದರು. ಮೊದಲ ದಿನ ಲೋಬಾನದ ಹೊಗೆ ಹಾಕಿದಾಗ ಚಾವಣಿಯ ಹೊಗೆ ಗಂಟೆ ಕೂಗಿಕೊಂಡು, ಇಡೀ ಕಟ್ಟಡದ ಜನ ಮಳೆಯಲ್ಲಿ ಹೊರಗೆ ಬಂದು ನಿಂತರು. ಅವರ ಪೈಕಿ ಅರ್ಧ ಜನರ ಮುಖವನ್ನು ನಾವು ನೋಡಿದ್ದು ಅಂದೇ. ನನಗೆ ಅಡುಗೆ, ಮನೆಗೆಲಸ, ನಿದ್ರೆಗೇಡು ಯಾವುದೂ ತಟ್ಟದಂತೆ ಅವರು ನೋಡಿಕೊಂಡದ್ದನ್ನು ನಾನು ಎಂದೂ ಮರೆಯಲಾರೆ.

ಒಂದೇ ತೊಂದರೆ. ಅಳಿಯನ ಎದುರು ಅವರು ಕೂರುವುದಿಲ್ಲ, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಬೈಲಹೊಂಗಲದ ಮನೆಯಲ್ಲಿ ಪಡಸಾಲೆ, ಅಡುಗೆಮನೆ, ಹಿತ್ತಿಲು ಎಂದು ದೂರವಿರಲು ಜಾಗವಿದೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಸೋಫಾದ ಮೇಲೆ ಕೂತರೆ ಅವರು ಎದ್ದು ನಿಲ್ಲುತ್ತಿದ್ದರು. ಅವರಿಗೆ ವಿಶ್ರಾಂತಿ ಸಿಗಲೆಂದು ನಾನು ಬಚ್ಚಲುಮನೆಗೆ ಹೋಗಿ ಸುಮ್ಮನೆ ನಿಂತಿರುತ್ತಿದ್ದೆ. ಕೂಸು ಹುಟ್ಟಿದ ಮೇಲೆ ನಮಗೊಬ್ಬಳು ಮಧ್ಯಸ್ಥಗಾರ್ತಿ ಸಿಕ್ಕಳು. "ನಿಮ್ಮಪ್ಪಗ ಹೇಳವ್ವಾ, ಚಾ ಆರಾಕ ಹತ್ತೈತಿ" ಎಂದು ಅತ್ತೆಯವರು ಕೂಸಿಗೆ ಹೇಳುತ್ತಿದ್ದರು. "ಬಂದೆ ಅಂತ ನಿಮ್ಮ ಅಜ್ಜಿಗೆ ಹೇಳು" ಎಂದು ನಾನೂ ಕೂಸಿಗೇ ಹೇಳುತ್ತಿದ್ದೆ. ಕೂಸು ಯಾವ ಸುದ್ದಿಯನ್ನೂ ತಲುಪಿಸದಿದ್ದರೂ ಸಂಸಾರ ನಡೆಯುತ್ತಿತ್ತು.

ಎರಡು ತಿಂಗಳು ಹೇಗೋ ಕಳೆದವು. ಶೈಲಾ ಎದ್ದು ಓಡಾಡತೊಡಗಿದಳು, ಅತ್ತೆಯವರಿಗೆ ಕೈಯಲ್ಲಿ ಕೆಲಸ ಕಡಿಮೆಯಾಯಿತು. ಆಗ ಅವರು ಕಿಟಕಿಯ ಹತ್ತಿರ ನಿಲ್ಲಲು ಶುರು ಮಾಡಿದರು. "ಇಲ್ಲಿ ಮಂದಿ ಎಲ್ಲೆದಾರವ್ವಾ? ಬರೇ ಗಾಳಿ ಅಷ್ಟ ಐತಿ" ಎನ್ನುತ್ತಿದ್ದರು. ಒಂದು ಮುಂಜಾನೆ, ಟಿಕೆಟ್ ಬದಲಿಸಿ ಮುಂದಿನ ವಾರವೇ ಕಳಿಸಬೇಕೆಂದು ಕೂಸಿನ ಮೂಲಕ ನನಗೆ ಅರ್ಜಿ ಬಂತು. ಶೈಲಾ ಅಡುಗೆಮನೆಯಲ್ಲಿ ಅತ್ತಳು. ನಾನು ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೇ ಬರುವವನು. ಅವ್ವನೂ ಹೋದರೆ ದಿನವಿಡೀ ಆ ಮನೆಯಲ್ಲಿ ಅವಳು, ಕೂಸು, ಗಾಳಿ, ಮೂವರೇ. "ಏನರ ಮಾಡ್ರಿ. ಅವ್ವಗ ಈ ಊರು ಒಂದ ದಿನ ಆದರೂ ಚಲೋ ಅನಿಸ್ಬೇಕು. ಅಂದ್ರ ಆಕಿ ನಿಲ್ತಾಳ" ಎಂದಳು. ಆ ಹೊಣೆ ನನ್ನ ಹೆಗಲಿಗೆ ಬಿತ್ತು.

ಟಿಕೆಟಿನವರು ಫೋನ್ ಎತ್ತುತ್ತಿಲ್ಲ ಎಂದು ಸುಳ್ಳು ಹೇಳಿ ದಿನ ದೂಡುತ್ತಾ, ರಜೆಯ ದಿನಗಳಲ್ಲಿ ತಿರುಗಾಟ ಶುರು ಮಾಡಿದೆ. ಮೊದಲು ಒಂದು ಅರಮನೆಗೆ ಕರೆದೊಯ್ದೆ. ಕಿತ್ತೂರಿನ ಕೋಟೆಯ ಮುರಿದ ಗೋಡೆಗಳ ಎದುರು ಕಣ್ಣೀರು ಹಾಕುವ ಹೆಂಗಸು ಇಲ್ಲಿ ಎಲ್ಲವೂ ಗಟ್ಟಿಮುಟ್ಟಾಗಿರುವುದನ್ನು ಕಂಡು, "ಮಾಳಗಿ ಸೋರಂಗಿಲ್ಲ ಬಿಡು" ಎಂದಷ್ಟೇ ಹೇಳಿದರು. ಸಮುದ್ರಕ್ಕೆ ಕರೆದೊಯ್ದೆ. "ನೀರು ಭಾಳ ಐತಿ, ಖರೆ ಹೊಲಕ್ಕ ಉಪಯೋಗಿಲ್ಲ" ಎಂದರು. ನವಿಲುತೀರ್ಥದ ಅಣೆಕಟ್ಟು ಕಂಡವರಿಗೆ ಕಾಲುವೆಯಿಲ್ಲದ ನೀರು ಎಂದರೆ ತಾತ್ಸಾರ. ಹಡಗಿಗೆ ದಾರಿ ತೋರುವ ದೀಪಸ್ತಂಭ ತೋರಿಸಿದೆ. ನಾನು ದಿನವೂ ಅಷ್ಟೇ ಎತ್ತರ ಹತ್ತುತ್ತೇನೆಂದು ತಿಳಿದಾಗಿನಿಂದ ಅವರಿಗೆ ಎತ್ತರದ ಮೇಲೂ ಗೌರವ ಹೋಗಿತ್ತು.

ದೀಪಸ್ತಂಭದಿಂದ ಹಿಂತಿರುಗುವಾಗ ಹೊಲಗಳ ನಡುವಿನ ಸಣ್ಣ ರಸ್ತೆಯ ಪಕ್ಕ ಒಂದು ಕಟ್ಟಿಗೆಯ ತಳ್ಳುಗಾಡಿ ಕಂಡಿತು. ಅದರ ಮೇಲೆ ಮಣ್ಣು ಮೆತ್ತಿದ ಆಲೂಗಡ್ಡೆಯ ಚೀಲಗಳು, ಮೊಟ್ಟೆ, ಒಂದು ಪೆಟ್ಟಿಗೆ ತುಂಬ ಹಸಿ ಬಟಾಣಿ. ಪಕ್ಕದಲ್ಲಿ ದುಡ್ಡು ಹಾಕುವ ತಗಡಿನ ಡಬ್ಬಿ. ಮಾರುವವರು ಇಲ್ಲ. ಈ ದೇಶದ ರೈತರು ಹೀಗೇ ರಸ್ತೆಯ ಬದಿ ಮಾಲು ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. "ಗಾಡಿ ನಿಂದ್ರಸಂತ ಹೇಳು" ಎಂದು ಕೂಸಿಗೆ ಆಜ್ಞೆಯಾಯಿತು. ಅತ್ತೆಯವರು ಇಳಿದು ಬಟಾಣಿಯ ಸಿಪ್ಪೆ ಒಡೆದು ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

"ಮಾರಾವ್ರು ಎಲ್ಲೆದಾರು?"

"ಯಾರೂ ಇಲ್ಲಬೇ ಯವ್ವಾ. ಡಬ್ಬ್ಯಾಗ ರೊಕ್ಕ ಹಾಕಿ ನಾವ ತಗೊಂಡ ಹೋಗೂದು," ಎಂದಳು ಶೈಲಾ.

"ಹಂಗಾರ ಕೊಸರ ಯಾರ ಹಾಕ್ತಾರ?"

ಈ ಪ್ರಶ್ನೆಯನ್ನು ಡೆನ್ಮಾರ್ಕಿನಲ್ಲಿ ಅದುವರೆಗೆ ಯಾರೂ ಕೇಳಿರಲಾರರು. ನಾನು ಧೈರ್ಯ ಮಾಡಿ, "ಒಂದ ಹಿಡಿ ವಟಾಣಿ ನೀವ ಹಾಕ್ಕೊಳ್ರಿ ಅತ್ತಿ, ಯಾರೂ ಏನೂ ಅನ್ನೂದಿಲ್ಲ" ಎಂದೆ. ಅತ್ತೆಯವರು ಮೊಟ್ಟಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು.

"ನಾವ ಹಾಕ್ಕೊಂಡ್ರ ಅದು ಕಳವು ಆಗತೈತ್ರಿ. ಅವ್ರು ಹಾಕಿದ್ರ ಕೊಸರು. ಊಟಕ್ಕ ಹೋಗಿರಬೇಕು, ಬರತಾರ. ನಿಂದ್ರೂಣು."

ಡಬ್ಬಿಗೆ ದುಡ್ಡು ಹಾಕಿ, ಅತ್ತೆಯವರ ಚೀಲಕ್ಕೆ ಬಟಾಣಿ ತುಂಬಿಸಿಕೊಂಡು ನಿಂತೆವು. ಕೂಸು ಅತ್ತಿತು, ಹಾಲು ಕುಡಿಸಲು ಶೈಲಾ ಕಾರಿನೊಳಗೆ ಕೂತಳು. ಅಳಿಯನಾದ ನಾನು ಪದ್ಧತಿಯಂತೆ ದೂರ ಹೋಗಿ ಮೊಬೈಲು ನೋಡುತ್ತಾ ನಿಂತೆ. ಅತ್ತೆಯವರು ಅಪರೂಪಕ್ಕೆ ಬಿದ್ದ ಬಿಸಿಲು ಕಾಯಿಸಿಕೊಳ್ಳಲೆಂದು ಗಾಡಿಯ ಆಚೆ ಬದಿಗೆ ಹೋಗಿ, ಇಳಕಲ್ಲ ಸೀರೆಯ ಸೆರಗು ಹೊದ್ದುಕೊಂಡು, ಚೆಲ್ಲಾಡಿದ್ದ ಬಟಾಣಿಯನ್ನು ಓರಣ ಮಾಡತೊಡಗಿದರು. ಅಷ್ಟರಲ್ಲಿ ಸೈಕಲ್ಲಿನ ಮೇಲೆ ಬಂದ ದಂಪತಿ ನಿಂತರು. ಗಾಡಿಯ ಹಿಂದೆ ನಿಂತವರೇ ಮಾರುವವರು ಎಂದು ತಿಳಿಯುವುದು ಯಾವ ದೇಶದಲ್ಲೂ ತಪ್ಪಲ್ಲ. ಅವರು ಒಂದು ಚೀಲ ಆಲೂಗಡ್ಡೆ ಎತ್ತಿಕೊಂಡು ನಾಣ್ಯಗಳನ್ನು ಚಾಚಿದರು. ಅತ್ತೆಯವರು ಅದನ್ನು ತೆಗೆದುಕೊಂಡು, ಬೋಣಿಯ ದುಡ್ಡೆಂದು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದರು. ಆಮೇಲೆ ಪೆಟ್ಟಿಗೆಗೆ ಕೈ ಹಾಕಿ ಎರಡು ಬೊಗಸೆ ಬಟಾಣಿ ತೆಗೆದು ಅವರ ಚೀಲಕ್ಕೆ ಸುರಿದರು. ಆ ಹೆಂಗಸು ಬೇಡ ಬೇಡ ಎಂದರೆ, "ಇರ್ಲಿ ತಗೋರಿ, ಮನ್ಯಾಗ ಹುಡುಗ್ರು ತಿಂತಾವು" ಎಂದು ಒತ್ತಾಯಿಸಿದರು.

ಬದುಕಿನುದ್ದಕ್ಕೂ ಕೊಸರು ಕಿತ್ತುಕೊಂಡು ಬಂದ ಹೆಂಗಸು ಹೀಗೆ ಕೈಯೆತ್ತಿ ಕೊಡುವುದನ್ನು ಕಂಡು ನನಗೆ ಮನಸ್ಸು ತುಂಬಿ ಬಂತು. ಕೊಡುತ್ತಿರುವುದು ಬೇರೆಯವರ ಬಟಾಣಿ ಎಂಬುದು ಹೊಳೆದದ್ದು ಆಮೇಲೆ. ನಾನು ಓಡಿ ಬರುವಷ್ಟರಲ್ಲಿ ಮತ್ತೊಂದು ಕಾರು ನಿಂತಿತ್ತು, ಅವರಿಗೂ ಕೊಸರು ಸಂದಿತ್ತು. ಅವರ ಹಿಂದೆ ನಿಂತು ನೋಡುತ್ತಿದ್ದವಳು ರಬ್ಬರ್ ಬೂಟು ತೊಟ್ಟ ಒಬ್ಬ ಮುದುಕಿ. ಗಾಡಿಯ ಒಡತಿ.

ಕೆಲಸ, ವೀಸಾ, ಪೊಲೀಸು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ನನಗೆ ಗೊತ್ತಿರುವ ಡ್ಯಾನಿಶ್ ಎಲ್ಲ ನಟ್ಟು, ಬೋಲ್ಟು, ಗ್ರೀಸಿಗೆ ಸಂಬಂಧಿಸಿದ್ದು. ಅದರಲ್ಲೇ ಕೊಸರು ಎಂದರೇನೆಂದು ವಿವರಿಸಲು ಹೊರಟೆ. ಹಣಕ್ಕೆ ಸರಿಯಾಗಿ ಮಾಲು ಬಂದರೂ ಇಬ್ಬರ ನಡುವೆ ಇನ್ನೂ ಏನೋ ಬಾಕಿ ಇರುತ್ತದೆ, ಅದನ್ನು ಕೈಯಿಂದಲೇ ಕೊಡಬೇಕು, ನಮ್ಮತ್ತೆ ಅದಕ್ಕಾಗಿ ಕಾಯುತ್ತಿದ್ದರು, ಕಾಯುತ್ತಾ ಕಾಯುತ್ತಾ ಅವರೇ ಕೊಡತೊಡಗಿದರು ಎಂದೆ. ಮುದುಕಿ ಪೆಟ್ಟಿಗೆಯನ್ನೂ ಅತ್ತೆಯವರನ್ನೂ ನೋಡಿ, ಹೊಲದಂಚಿನ ತನ್ನ ಮನೆಯೊಳಗೆ ಹೋದಳು. ಫೋನ್ ಮಾಡಲು ಹೋದಳೆಂದು ನಾನು ಶೈಲಾಳಿಗೆ ಕಾರು ಶುರು ಮಾಡಲು ಸನ್ನೆ ಮಾಡಿದೆ. ಆಕೆ ಹೊರಬಂದದ್ದು ಎರಡು ಮಡಚುವ ಕುರ್ಚಿ ಮತ್ತು ಕಾಫಿಯ ಫ್ಲಾಸ್ಕಿನೊಂದಿಗೆ.

ಬಂದವಳೇ ಒಂದು ಹಿಡಿ ಬಟಾಣಿ ತೆಗೆದು ಅತ್ತೆಯವರ ಚೀಲಕ್ಕೆ ಹಾಕಿದಳು. ಅತ್ತೆಯವರು ಚೀಲದೊಳಗೆ ಇಣುಕಿ ನೋಡಿದರು, ಆದರೆ ಬಾಯಿ ಮುಚ್ಚಲಿಲ್ಲ. ಹಾಗೇ ಹಿಡಿದುಕೊಂಡು ನಿಂತರು. ಮುದುಕಿ ಜೋರಾಗಿ ನಕ್ಕು ಇನ್ನೊಂದು ಹಿಡಿ ಹಾಕಿದಳು. ಆಗ ನಮ್ಮತ್ತೆಯವರು ನನ್ನ ಕಣ್ಣೆದುರೇ, ನಾನು ನಿಂತಿರುವಾಗಲೇ, ಕುರ್ಚಿಯ ಮೇಲೆ ಕೂತುಬಿಟ್ಟರು.

ಆಕೆಯ ಹೆಸರು ಇಂಗಾ. ಮನೆ ಸೇರುವಷ್ಟರಲ್ಲಿ ಇಂಗವ್ವ ಆಗಿದ್ದಳು. ಅಂದಿನಿಂದ ಶನಿವಾರ ಎಂದರೆ ಅರಮನೆಯೂ ಇಲ್ಲ, ಸಮುದ್ರವೂ ಇಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅತ್ತೆಯವರು ಬಾಗಿಲಲ್ಲಿ ನಿಂತಿರುತ್ತಿದ್ದರು, ನಾನು ಅವರನ್ನು ಬಿಟ್ಟು ಸಂಜೆ ಕರೆತರುವ ಡ್ರೈವರ್. ಒಬ್ಬರು ಬೈಲಹೊಂಗಲದ ಕನ್ನಡ ಆಡುತ್ತಾರೆ, ಇನ್ನೊಬ್ಬರು ಆಡುವ ಹಳ್ಳಿಯ ಡ್ಯಾನಿಶ್ ನನ್ನ ಸಹೋದ್ಯೋಗಿಗಳಿಗೇ ತಿಳಿಯುವುದಿಲ್ಲ. ಆದರೂ ಅತ್ತೆಯವರು ಕಾರಿನಲ್ಲಿ, "ಇಂಗವ್ವನ ಸೊಸಿ ಭಾಳ ಚಲೋ ಅದಾಳ. ಮಗಾ ಅಷ್ಟಕ್ಕಷ್ಟ" ಎಂದು ವರದಿ ಒಪ್ಪಿಸುತ್ತಿದ್ದರು. ಟಿಕೆಟ್ ಬದಲಿಸುವ ಮಾತು ನಿಂತೇಹೋಯಿತು. ಶೈಲಾ ಹಾಡಿಕೊಳ್ಳುತ್ತಾ ಕೂಸನ್ನು ತೂಗುತ್ತಿದ್ದಳು. ಆ ಮುದುಕಿಯ ಉಪಕಾರವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೊರಡುವ ದಿನ ಹತ್ತಿರ ಬಂತು. ಮೊನ್ನೆ ಊಟಕ್ಕೆ ಕೂತಾಗ ಅತ್ತೆಯವರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದರು.

"ಟಿಕೀಟ ಎಂಟ ದಿನ ಮುಂದಕ್ಕ ಹಾಕಾಕ ಬರತೈತೇನ್ರಿ? ಇಂಗವ್ವನ ಸೊಸಿ ಹಡಿಯೂ ದಿನ ಬಂದಾವು. ಈ ಮಂದಿಗೆ ಕೂಸಿಗೆ ಎರಿಯೂದು ಬರೂದಿಲ್ಲ."

ಆ ಡ್ಯಾನಿಶ್ ಕೂಸಿಗೆ ಲೋಬಾನದ ಹೊಗೆ ತಪ್ಪಿದ್ದಲ್ಲ ಎಂದು ಒಂದು ಕ್ಷಣ ಮರುಕವಾಯಿತು. ಆದರೆ ಅವರ ಕೈ ನಮ್ಮ ಕೂಸಿನ ತಲೆಯ ಮೇಲೇ ಆಡುತ್ತಿತ್ತು. ಎಂಟು ದಿನ ಯಾರಿಗಾಗಿ ಎಂಬುದು ನನಗೆ ತಿಳಿಯಿತು. ಟಿಕೆಟ್ ಬದಲಿಸಬಹುದು, ಆದರೆ ವೀಸಾ ಮೂರು ತಿಂಗಳಿಗೆ ಸರಿಯಾಗಿ ಮುಗಿಯುತ್ತದೆ ಎಂದೆ. ಅವರಿಗೆ ಇದು ನಂಬಲಾಗಲಿಲ್ಲ.

"ಮೂರ ತಿಂಗಳ ಕೊಟ್ಟಾರಲ್ರೀ. ಮ್ಯಾಲ ಎಂಟ ದಿನ ಕೊಸರ ಹಾಕೂದಿಲ್ಲೇನು ಇಲ್ಲಿ ಸರಕಾರದವ್ರು? ಕೇಳಿದ್ರ ಹಾಕ್ತಾರ. ನೀವು ಕೇಳೂದಿಲ್ಲ, ಅದಕ್ಕ ಸಿಗೂದಿಲ್ಲ."

ಮರುದಿನ ರಜೆ ಹಾಕಿ ವೀಸಾ ಕಚೇರಿಗೆ ಹೋದೆ. ನನ್ನ ಸರದಿ ಬಂದು, ಹೇಳಬೇಕಾದದ್ದನ್ನೆಲ್ಲ ತೊದಲುತ್ತಾ ಹೇಳಿದೆ. ಕಿಟಕಿಯಾಚೆಯ ಹುಡುಗಿ ಇದಕ್ಕೆ ಬಲವಾದ ಕಾರಣ ಬೇಕಾಗುತ್ತದೆ, ಸಾಮಾನ್ಯವಾಗಿ ಕೊಡುವುದಿಲ್ಲ ಎಂದು ಸೌಜನ್ಯದಿಂದಲೇ ಹೇಳಿ, ಪಕ್ಕದ ಗಣಕದ ಕಡೆ ತಿರುಗಿದಳು. ಥ್ಯಾಂಕ್ಸ್ ಹೇಳಿ ಬರುವುದು ನನ್ನ ಅಭ್ಯಾಸ. ಅಂದು ಯಾಕೋ ಕಾಲು ಕದಲಲಿಲ್ಲ. ಅಲ್ಲೇ ನಿಂತೆ. ಆಕೆ ತಲೆಯೆತ್ತಿ ನೋಡಿದಳು, ಮತ್ತೆ ಕೆಲಸಕ್ಕೆ ತೊಡಗಿದಳು, ಮತ್ತೆ ನೋಡಿದಳು. ಕೊನೆಗೆ ಉಸಿರು ಬಿಟ್ಟು, ಅಷ್ಟಕ್ಕೂ ನಿಮಗೆ ಎಷ್ಟು ಬೇಕು ಎಂದು ಕೇಳಿದಳು. ಎಂಟು ದಿನ ಎನ್ನಬೇಕಾಗಿತ್ತು. ನನ್ನ ಬಾಯಿಂದ ಹೊರಟದ್ದು, ಒಂದು ಹಿಡಿ.