ಮಾರ್ಕ್ಸ್ ಇಲ್ಲದ ಹೊಲಿಗೆ

ಕಳೆದ ಚಳಿಗಾಲದ ಒಂದು ಶನಿವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಪರದೇಶದ ಊರಾದ ಲೂಕನ್ನಿನ ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಹಿತ್ತಲ ಬಾಗಿಲಿಗೂ ನಡುವೆ ನಾನು ನಿಂತಿದ್ದೆ. ಊಟದ ಮೇಜು ಮೂರು ಹೆಜ್ಜೆ ದೂರದಲ್ಲಿತ್ತು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಉತ್ಪ್ರೇಕ್ಷೆಯ ವಿಷಯದಲ್ಲಿ ಸ್ನೇಹಿತರ ನಡುವೆ ನನ್ನ ಹೆಸರು ಮೊದಲೇ ಕೆಟ್ಟಿದೆ.

ಮೇಜಿನ ಮೇಲೆ ಹಂದಿಯ ಕಾಲೊಂದಿತ್ತು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಆದರೂ ಅದನ್ನು ತಂದವನು ನಾನೇ. ಮಾಂಸದಂಗಡಿಯವನು ಅಕ್ಕರೆಯಿಂದ ಹೇಗೆ ಬೇಯಿಸುತ್ತೀರಿ ಎಂದು ಕೇಳಿದಾಗ, ಬೇಯಿಸುವುದಿಲ್ಲ, ಹೊಲಿಯುತ್ತೇವೆ ಎಂದಿದ್ದೆ. ಅವನು ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟ.

ಹೊಲಿಯುವವಳು ನನ್ನ ಹೆಂಡತಿ ವಿದ್ಯಾ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಸರ್ಜನ್ ಆಗುವ ತರಬೇತಿಯ ಸೀಟು ಎರಡು ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಮೂರನೆಯದೇ ಕೊನೆಯದು ಎಂದು ಹೇಳಿ, ಈ ಸಲ ಅಂಕದಲ್ಲೇ ಎಲ್ಲರನ್ನೂ ಹಿಂದೆ ಹಾಕಲು ವರ್ಷವಿಡೀ ಓದಿದಳು. ಹಿಂದಿನ ವರ್ಷಗಳಲ್ಲಿ ಎಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು ಎಂದು ನಾನು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ಮಾಡಿಕೊಟ್ಟೆ. ಅಷ್ಟರಲ್ಲಿ ಪರೀಕ್ಷೆಯವರು ಅಂಕ ಕೊಡುವುದನ್ನೇ ನಿಲ್ಲಿಸಿ, ಇನ್ನು ಪಾಸು, ಫೇಲು ಅಷ್ಟೇ ಎಂದರು. ಆಯ್ಕೆ ಮಾಡುವವರು ಈಗ ಮಾತಾಡಿಸಿ ನೋಡುತ್ತಾರಂತೆ, ಎದುರು ಕೂರಿಸಿ ಹೊಲಿಸಿ ನೋಡುತ್ತಾರಂತೆ. ನನ್ನ ಪಟ್ಟಿಯ ಬಣ್ಣಗಳು ಮಾತ್ರ ಚೆನ್ನಾಗಿದ್ದವು.

ಇದರಿಂದ ಹೆಚ್ಚು ಕುಗ್ಗಿದವರು ನನ್ನ ಮಾವ. ದಾವಣಗೆರೆಯಲ್ಲಿ ಗಣಿತದ ಮೇಷ್ಟರಾಗಿದ್ದವರು, ಮೂರು ತಿಂಗಳಿಗೆಂದು ಬಂದಿದ್ದರು. ಫಲಿತಾಂಶದ ದಿನ "ಎಷ್ಟು ಬಂತಮ್ಮ?" ಎಂದರು.

"ಪಾಸ್ ಅಪ್ಪ."

"ಬರೀ ಪಾಸಾ?"

ಆಮೇಲೆ ರೂಮಿನಲ್ಲಿ ಕೂತು ಊರಿನ ನೆಂಟರಿಗೆಲ್ಲ ಫೋನು ಮಾಡಿದರು. "ಏನೋ, ಪಾಸಾಗಿದಾಳೆ, ಪಾಪ. ನೀವೇನೂ ಕೇಳ್ಬೇಡಿ ಅವಳನ್ನ."

ಆ ಶನಿವಾರ ವಿದ್ಯಾ ಅಭ್ಯಾಸಕ್ಕೆಂದು, ಮನುಷ್ಯರದ್ದನ್ನೇ ಹೋಲುವ ಹಂದಿಯ ಚರ್ಮವನ್ನು ಉದ್ದಕ್ಕೆ ಸೀಳಿ, "ರೀ, ಸ್ವಲ್ಪ ಹಿಡ್ಕೋಳಿ" ಎಂದಳು. ನಾನು ಫ್ರಿಜ್ಜನ್ನು ಹಿಡಿದುಕೊಂಡೆ. ಹಣೆಯ ವಿಭೂತಿ ಇನ್ನೂ ಆರದಿದ್ದ ಮಾವ ಕಾಫಿಗೆಂದು ಬಂದು ಒಂದು ನಿಮಿಷ ನೋಡಿದರು. "ಸರೀರಿ ಅಳಿಯಂದಿರೇ. ನಿಮ್ಮ ಮುಖ ನೋಡಿದ್ರೆ, ನೀವು ಬಿದ್ದು ನಿಮಗೇ ಹೊಲಿಗೆ ಹಾಕ್ಬೇಕಾಗುತ್ತೆ" ಎಂದು ಅಂಗಿಯ ತೋಳು ಮಡಚಿ ಹಂದಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದರು.

ಕಾಲು ಅಲುಗತೊಡಗಿತು. ಮಾವನ ಕೈ ನಡುಗುತ್ತದೆ. ಅದಕ್ಕೇ ಅವರು ನಾಲ್ಕು ಜನರೆದುರು ಲೋಟ ಮುಟ್ಟುವುದಿಲ್ಲ. ಅಲುಗಿಸಬೇಡಿ ಎಂದು ವಿದ್ಯಾ ಹೇಳಲಿಲ್ಲ. ಗಾಯವನ್ನು ಬಿಟ್ಟು ಅಪ್ಪನ ಬೆರಳುಗಳನ್ನೇ ನೋಡಿದಳು. ನಡುಕದ ನಡುವೆ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಕಾದು, ನಿಂತಾಗ ಸೂಜಿ ಇಳಿಸಿ, ಎಳೆದು, ಗಂಟು ಹಾಕಿದಳು. ಮತ್ತೆ ಕಾದಳು. ಒಂದು, ಎರಡು, ಮೂರು. ಅಳತೆ ಹಿಡಿದು ಗೆರೆ ಎಳೆದಂತೆ ಕೂತವು ಹೊಲಿಗೆಗಳು. ಹತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಈ ಹೆಂಗಸನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿತು.

"ಕೈ ನಡುಗ್ತಿದೆ ಕಣಮ್ಮ."

"ಪರ್ವಾಗಿಲ್ಲಪ್ಪ. ಹಂಗೇ ಹಿಡ್ಕೊಂಡಿರಿ."

"ಯೂ ಆರ್ ಗ್ರ್ಯಾಂಡ್, ತಾತಾ!" ಎಂದಳು ಮೆಟ್ಟಿಲ ಮೇಲಿಂದ ಮಗಳು ಅನಘಾ. ಇಲ್ಲಿನ ಇಂಗ್ಲಿಷಿನಲ್ಲಿ ಅದಕ್ಕೆ ಪರವಾಗಿಲ್ಲ ಎಂದಷ್ಟೇ ಅರ್ಥ.

ಕೊನೆಗೆ ಮಾವನ ದನಿ ಕೇಳಿಸಿತು. "ಇದಕ್ಕೆ ಎಷ್ಟು ಮಾರ್ಕ್ಸಮ್ಮ?"

"ಮಾರ್ಕ್ಸ್ ಇಲ್ಲಪ್ಪ. ನೋಡ್ತಾರೆ, ಅಷ್ಟೆ."

"ಹಂಗಾದ್ರೆ ನೋಡೋರು ಸರಿಯಾಗಿ ನೋಡ್ಲಿ."

ಆಯ್ಕೆ ಮಾಡುವವರು ಸರಿಯಾಗಿಯೇ ನೋಡಿದರು. ವಿದ್ಯಾಗೆ ಸೀಟು ಸಿಕ್ಕಿತು.

ಆ ಬೆಳಿಗ್ಗೆ ಇದನ್ನು ಕಂಡವರೆಲ್ಲ ಬದುಕಿದ್ದಾರೆ. ಮಾವ ದಾವಣಗೆರೆಯಲ್ಲಿ ಆರೋಗ್ಯವಾಗಿದ್ದಾರೆ. ಅನಘಾ ಮೂರನೇ ಕ್ಲಾಸು. ತಮ್ಮಲ್ಲಿ ಬಿಟ್ಟುಹೋಗಿದ್ದ ನಮ್ಮ ಪಾರ್ಸೆಲ್ ಕೊಡಲು ಬಂದು ಬಾಗಿಲ ಗಾಜಿನಾಚೆ ಬೆರಗಾಗಿ ನಿಂತುಬಿಟ್ಟಿದ್ದ ಪಕ್ಕದ ಮನೆಯ ಅಜ್ಜಿ ಬ್ರೀಡಾ, ಎಂಬತ್ತೊಂದರಲ್ಲೂ ತಮ್ಮ ಅಂಗಳದ ಹುಲ್ಲನ್ನು ತಾವೇ ಕತ್ತರಿಸುತ್ತಾರೆ. ನಾಲ್ಕನೆಯ ಹೊಲಿಗೆಯಿಂದಾಚೆಗಿನ ವಿವರ ಬೇಕಾದವರು ಇವರನ್ನೇ ಕೇಳಬೇಕು. ನಾನು ಕಣ್ಣು ಮುಚ್ಚಿಕೊಂಡಿದ್ದೆ.