ದ್ರಾಕ್ಷಿಯೂರಿಗೆ ಇಂಗಿನ ಡಬ್ಬಿ

ಜರ್ಮನಿಯ ವೈನಿನ ಊರಿನಲ್ಲಿ ಮೂರು ದಿನ ಇದ್ದು, ಒಂದು ಹನಿಯನ್ನೂ ನಾಲಿಗೆಗೆ ಸೋಕಿಸದೆ, ಅಲ್ಲಿಯವರ ತಲೆಯನ್ನೇ ತಿರುಗಿಸಿ ಬಂದ ಮಹಾನುಭಾವರು ನನಗೆ ತಿಳಿದಂತೆ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಬರ್ ದುಬೈಯ ಅರ್ಧಕ್ಕರ್ಧ ಮಂಗಳೂರಿನವರು "ಓ, ಅವರಾ!" ಎಂದು ತಮ್ಮ ಕಥೆ ಶುರುಮಾಡುತ್ತಾರೆ, ನನ್ನದು ಹಾಗೇ ಉಳಿಯುತ್ತದೆ. ಭಾವ ಎಂದೇ ಇರಲಿ.

ಭಾವ ಎಸಿ ರಿಪೇರಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಕೆಟ್ಟದ್ದೆಲ್ಲ ರಿಪೇರಿಯಾಗುತ್ತದೆ, ಸರಿಯಾದ ಜಾಗಕ್ಕೆ ಕೊಂಡೊಯ್ಯಬೇಕಷ್ಟೆ ಎಂಬುದು ಅವರ ಸಿದ್ಧಾಂತ. ಆ ವರ್ಷ ಅಕ್ಕನಿಗೆ ಕೆಟ್ಟ ಶೀತಜ್ವರ ಬಂತು. ಜ್ವರ ಹೋಗುವಾಗ ವಾಸನೆ ತಿಳಿಯುವ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು! "ಬಂದರೆ ಬರಬಹುದು, ಪರಿಚಯದ ವಾಸನೆಗಳನ್ನು ಮೂಸುತ್ತಾ ಇರಿ" ಎಂದರು ಡಾಕ್ಟರು. ಸಾರು ಕುದಿಯುವ ಪರಿಮಳದಲ್ಲೇ ಉಪ್ಪು ಹುಳಿ ಅಳೆಯುತ್ತಿದ್ದ ಅಕ್ಕ, ಒಲೆಯ ಮುಂದೆ ನಿಂತು "ಸೀದು ಹೋಯ್ತಾ ನೋಡು" ಎಂದು ನಮ್ಮನ್ನು ಕೇಳುವಂತಾಯಿತು. ದೇವಸ್ಥಾನದ ಗಲ್ಲಿಯಿಂದ ಭಾವ ತಂದ ಮಲ್ಲಿಗೆಯನ್ನು "ನನಗೆ ಇದೂ ಒಂದೇ, ಕಾಗದದ ಹೂವೂ ಒಂದೇ" ಎಂದು ಪಕ್ಕಕ್ಕಿಟ್ಟಳು. ಕ್ರಮೇಣ ನಗುವುದನ್ನೂ ನಿಲ್ಲಿಸಿದಳು. ನಮಗೆಲ್ಲ ಅದೇ ದೊಡ್ಡ ಚಿಂತೆಯಾಯಿತು.

ಒಂದು ಶುಕ್ರವಾರ ದುಬೈಯ ಮಿರ್ದಿಫ್‌ನ ನಮ್ಮ ಮನೆಗೆ ಅಕ್ಕನೊಂದಿಗೆ ಊಟಕ್ಕೆ ಬಂದ ಭಾವ, ಕೈ ತೊಳೆಯುವ ಮೊದಲೇ ಘೋಷಿಸಿದರು.

"ಜರ್ಮನಿಯಲ್ಲಿ ಒಂದು ಊರು ಉಂಟು ಮಾರಾಯ್ತಿ, ನದಿಯ ಬದಿಯಲ್ಲಿ. ನೂರಾರು ವರ್ಷದಿಂದ ಅಲ್ಲಿಯವರಿಗೆ ಮೂಸುವುದೇ ಕೆಲಸ!"

"ಕುಡಿಯುವುದು, ಭಾವ."

"ಮೊದಲು ಮೂಸ್ತಾರೆ, ಮತ್ತೆ ಕುಡೀತಾರೆ. ನಮಗೆ ಮೊದಲನೇದು ಸಾಕು. ಅಷ್ಟು ಮೂಗಿನವರು ಇರುವ ಊರಲ್ಲಿ ಇವಳದ್ದೊಂದು ಸರಿಯಾಗುದಿಲ್ವಾ?"

ನಾನೂ ನನ್ನ ಗಂಡನೂ ಜೊತೆಗೆ ಹೊರಟೆವು. ನನ್ನ ಗಂಡ ಇಷ್ಟು ಬೇಗ ಯಾವುದಕ್ಕೂ ಒಪ್ಪಿದವರಲ್ಲ. ಕಾರಣ ನನಗೆ ಆಮೇಲೆ ತಿಳಿಯಿತು.

ಆ ಊರಿನ ಹೆಸರು ಹೇಳಲು ನಾಲಿಗೆಯನ್ನು ಎರಡು ಸಲ ಮಡಚಬೇಕು. ಭಾವ ಅದನ್ನು ದ್ರಾಕ್ಷಿಯೂರು ಎಂದುಬಿಟ್ಟರು. ಅವರ ಬ್ಯಾಗಿನಲ್ಲಿ ಮೂರು ಡಬ್ಬಿಗಳು: ಏಲಕ್ಕಿ, ಕಾಫಿ ಪುಡಿ, ಇಂಗು. ಡಾಕ್ಟರು ಹೇಳಿದ ಪರಿಚಯದ ವಾಸನೆಗಳು! ಜರ್ಮನಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಡಬ್ಬಿಗಳನ್ನು ಒಂದೊಂದಾಗಿ ತೆರೆಸಿದ. ಏಲಕ್ಕಿಗೆ ತಲೆಯಾಡಿಸಿದ, ಕಾಫಿ ಪುಡಿಗೆ ಮುಗುಳ್ನಕ್ಕ. ಮೂರನೆಯದರೊಳಗೆ ಮೂಗು ಇಟ್ಟವನು ಕಣ್ಣಲ್ಲಿ ನೀರು ತುಂಬಿಕೊಂಡು, ತಾನೇ ಮುಚ್ಚಳ ಒತ್ತಿ, ಬಾಗಿಲು ತೋರಿಸಿದ.

"ಖಲಾಸ್!" ಎಂದರು ಭಾವ. "ಇಂಗಿಗೆ ವೀಸಾ ಬೇಡ."

ಊರು ತಲುಪಿದೆವು. ಕಲ್ಲು ಹಾಸಿದ ಓಣಿಗಳು, ಮರದ ಚೌಕಟ್ಟಿನ ಹಳೆಯ ಮನೆಗಳು, ಗುಡ್ಡದ ತುದಿಯವರೆಗೂ ಸಾಲು ಹಿಡಿದ ದ್ರಾಕ್ಷಿ ಬಳ್ಳಿಗಳು. ಆದರೆ ಎಲ್ಲ ಬಾಗಿಲೂ ಬಂದ್! ಭಾವ ಒಂದೊಂದೇ ಅಂಗಡಿಯ ಹಿಡಿ ಅಲ್ಲಾಡಿಸಿ ನೋಡಿದರು.

"ಎಂತ ಇದು, ಊರಲ್ಲಿ ಯಾರಾದ್ರೂ ತೀರಿಕೊಂಡ್ರಾ?"

"ಇವತ್ತು ಭಾನುವಾರ, ಭಾವ."

"ಅದಕ್ಕೆ? ಭಾನುವಾರ ಅಲ್ವಾ ಕೆಲಸ ಶುರು?"

ಆಗಿನ ದುಬೈಯ ಶುಕ್ರವಾರದ ರಜೆಗೆ ಒಗ್ಗಿಹೋದ ನಾವು ನಾಲ್ವರೂ, ಲೋಕದಲ್ಲಿ ಭಾನುವಾರವೂ ರಜೆ ಇರುತ್ತದೆ ಎಂಬುದನ್ನು ಪೂರ್ತಿ ಮರೆತಿದ್ದೆವು! ಬೇರೆ ದಾರಿಯಿಲ್ಲದೆ ಸಂಜೆಯವರೆಗೂ ನದಿಯ ದಂಡೆಯಲ್ಲಿ ಕುಳಿತೆವು. ಭಾವ ನದಿಯನ್ನು ಪರೀಕ್ಷಿಸಿ, "ನಮ್ಮ ದುಬೈ ಕ್ರೀಕಿನ ಹಾಗೇ ಉಂಟು, ಆದ್ರೆ ದಾಟಿಸ್ಲಿಕ್ಕೆ ಅಬ್ರಾ ದೋಣಿ ಇಲ್ಲ" ಎಂದು ಪಾಸ್ ಮಾರ್ಕು ಕೊಟ್ಟರು. ಅಕ್ಕ ನೀರನ್ನೇ ನೋಡುತ್ತಿದ್ದಳು.

ಮರುದಿನ ನೆಲಮಾಳಿಗೆಯ ವೈನಿನ ಮನೆ. ಅದರ ಒಡತಿ ಬಿಳಿಗೂದಲಿನ ಗಂಭೀರ ಅಜ್ಜಿ. ಆಕೆ ಸುರಿದ ಮೊದಲ ಲೋಟವನ್ನು ಭಾವ ಮೂಸಿ, ಅಕ್ಕನ ಮೂಗಿಗೆ ಹಿಡಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಭಾವ ಲೋಟವನ್ನು ವಾಪಸು ಇಟ್ಟರು. ಈ ಗಿರಾಕಿ ಸಾಮಾನ್ಯನಲ್ಲ, ಒಳ್ಳೆಯದನ್ನೇ ಕೇಳುತ್ತಾನೆ ಎಂದುಕೊಂಡ ಅಜ್ಜಿ ಇನ್ನೂ ಹಳೆಯದನ್ನು ತಂದಳು. ಅದಕ್ಕೂ ಇದೇ ಗತಿ. ಅಜ್ಜಿಗೆ ಹಟ ಹತ್ತಿತು! ಕೊನೆಗೆ ಧೂಳು ಮುಸುಕಿದ ಒಂದು ಬಾಟಲಿಯನ್ನು ಮಗುವಿನಂತೆ ಎತ್ತಿಕೊಂಡು ಬಂದಳು. ಭಾವ ಮೂಸಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು: "ಹುಳಿ ಹೆಚ್ಚಾಯ್ತು. ಚೂರು ಬೆಲ್ಲ ಹಾಕಬಹುದಿತ್ತು." ಅನುವಾದಿಸುವ ಧೈರ್ಯ ನನಗಿರಲಿಲ್ಲ. ವಾಪಸಾದ ಲೋಟಗಳೆಲ್ಲ ಎಲ್ಲಿ ಹೋದವು ಎಂದಿರಾ? ನನ್ನ ಗಂಡ ಓಣಿಯ ಗೋಡೆಗಳನ್ನು ಪ್ರೀತಿಯಿಂದ ತಬ್ಬಿಕೊಳ್ಳುತ್ತ ಹೋಟೆಲಿಗೆ ಬಂದರು.

ಕೊನೆಯ ದಿನ ನದಿಯ ದಂಡೆಯ ಬೆಂಚಿನಲ್ಲಿ ಭಾವ ತಮ್ಮ ಡಬ್ಬಿಗಳನ್ನು ತೆಗೆದರು. "ಕಣ್ಣು ಮುಚ್ಚು" ಎಂದು ಅಕ್ಕನಿಗೆ ಹೇಳಿ, ಒಂದರ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿದರು. ಅಕ್ಕ ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

"ಕಾಫಿ ಪುಡಿ!"

"ಬಂತು!" ಭಾವ ಬೆಂಚಿನಿಂದ ಜಿಗಿದೇಬಿಟ್ಟರು. ನಾಯಿ ಹಿಡಿದು ಹೋಗುತ್ತಿದ್ದವರೊಬ್ಬರ ಕೈ ಕುಲುಕಿ "ಸ್ಮೆಲ್ ಕಮ್, ಸರ್!" ಎಂದರು. ಆ ಪುಣ್ಯಾತ್ಮ ಏನೂ ಅರ್ಥವಾಗದೆ ಟೋಪಿ ತೆಗೆದು ಅಭಿನಂದಿಸಿದ. ನಾಯಿಗೂ ಶೇಕ್‌ಹ್ಯಾಂಡ್ ಸಿಕ್ಕಿತು! ಅದನ್ನು ನೋಡಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದುಬೈಗೆ ಮರಳಿದ ಮೇಲೆ ಒಂದು ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅವಳು ದನಿ ತಗ್ಗಿಸಿದಳು. "ನನಗೆ ಎಂತ ವಾಸನೆಯೂ ಬರ್ಲಿಲ್ಲ ಮಾರಾಯ್ತಿ. ಬಾಯಿಗೆ ಬಂದದ್ದು ಹೇಳಿದೆ. ಪಾಪ, ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಹೇಳ್ಬೇಡ ಆಯ್ತಾ?"

ಆಯಿತು ಎಂದೆ. ಹೊರಡುವಾಗ ಭಾವ ಕಾರಿನವರೆಗೆ ಬಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನಿಂತರು.

"ಅವಳು ಕಾಫಿ ಪುಡಿ ಅಂದಳಲ್ಲ... ನಾನು ಹಿಡಿದದ್ದು ಇಂಗು."

ಕಾರಿನಲ್ಲಿ ಕುಳಿತಿದ್ದ ನಾನು ಕೀಲಿ ತಿರುಗಿಸುವುದನ್ನು ನಿಲ್ಲಿಸಿದೆ. "ಮತ್ತೆ ಅಲ್ಲಿ ಕುಣಿದದ್ದು?"

"ನನಗೋಸ್ಕರ ಅಲ್ವಾ ಅವಳು ಸುಳ್ಳು ಹೇಳಿದ್ದು? ಅಲ್ಲ ಅಂತ ಹೇಗೆ ಹೇಳುದು? ಮತ್ತೆ, ಎಷ್ಟು ಸಮಯದ ಮೇಲೆ ನಗಾಡಿದ್ದಾಳೆ ಅವಳು. ನೀನು ಹೇಳ್ಬೇಡ ಆಯ್ತಾ?"

ಇವರಿಗೂ ಆಯಿತು ಎಂದೆ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ಬರೀ ನಕ್ಕಿದ್ದೆ. ಆ ಕ್ಷಣ ಅವರ ಕಾಲು ಮುಟ್ಟಬೇಕೆನಿಸಿತು. ಭಾವ ಕನ್ನಡಕ ಹಾಕಿಕೊಂಡು, ಮೇಲಿನ ಬಾಲ್ಕನಿಯ ಕಡೆ ಒಮ್ಮೆ ನೋಡಿ, ಕಾರಿನ ಕಿಟಕಿಗೆ ಬಗ್ಗಿದರು.

"ಫ್ರಾನ್ಸಿನಲ್ಲಿ ಸೆಂಟು ಮಾಡುವ ಒಂದು ಊರು ಉಂಟಂತೆ. ಬರುವ ರಜೆಗೆ ಹೋಗುವನಾ?"

"ಹೋಗುವ ಭಾವ" ಎಂದೆ.