ನೆಡ್ ಆಕ್ಲೆಗೆ ಒಂದು ನಿಮಿಷ

ಆ ಶನಿವಾರ ಸಿರಿಲ್ ಹೆಪ್‌ವರ್ತ್‌ಗೆ ಗ್ರಹಚಾರ ವಕ್ಕರಿಸಿದ್ದು ಒಂದು ಕೇಕಿನ ಡಬ್ಬಿಯ ರೂಪದಲ್ಲಿ. ಬೆಳಿಗ್ಗೆ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡಿದರೆ ಹಿಲ್ಡಾ ಆಕ್ಲೆ, ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾಳೆ. ಅವಳ ಮನೆ ಇದೇ ಸಾಲಿನಲ್ಲಿ ಮೂರು ಬಾಗಿಲಾಚೆ. ಆದರೂ ಇಪ್ಪತ್ತೆಂಟು ವರ್ಷದಲ್ಲಿ ಅವಳು ಈ ಬಾಗಿಲು ತಟ್ಟಿದ್ದು ಇದೇ ಮೊದಲು.

"ಒಳಗೆ ಬಾ ಅಂತ ಕರೀಬೇಡ ಸಿರಿಲ್, ನಾನು ಬರಲ್ಲ. ಒಂದು ಮಾತು ಕೇಳಿ ಹೋಗ್ತೀನಿ," ಎಂದಳು.

ಸಿರಿಲ್ ತಲೆಯಾಡಿಸಿದ. ಅವಳ ಗಂಡ ನೆಡ್‌ನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಪಾದ್ರಿಯನ್ನೂ ಹಿಲ್ಡಾಳನ್ನೂ ಬಿಟ್ಟರೆ ಆ ಮಣ್ಣಿಗೆ ಯಾರೂ ಹೋಗಿರಲಿಲ್ಲ. ಸಿರಿಲ್ ಮಾತ್ರ ಸ್ಮಶಾನದ ಎದುರಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಮೂರು ಬಸ್ಸು ಬಂದು ಹೋದವು, ಒಂದನ್ನೂ ಹತ್ತಲಿಲ್ಲ.

"ಇವತ್ತಿಂದು ಈ ವರ್ಷದ ಕೊನೇ ಮ್ಯಾಚು. ನಲವತ್ತು ವರ್ಷ ಟೌನ್ ತಂಡದ ಫುಟ್‌ಬಾಲ್ ನೋಡಿದ ಮನುಷ್ಯ ಸತ್ತರೆ ಮೈಕಲ್ಲಿ ಹೆಸರು ಹೇಳಿ ಒಂದು ನಿಮಿಷ ಚಪ್ಪಾಳೆ ಹೊಡೆಸ್ತೀರಲ್ಲ, ಮೈದಾನದ ಮೈಕು ನಿನ್ನ ಕೈಲೇ ಇರೋದು, ನೆಡ್‌ಗೂ ಹೊಡೆಸು. ಚಪ್ಪಾಳೆ ಸಿರಿಲ್, ಮೌನ ಅಲ್ಲ. ಮೌನ ಅವನಿಗೆ ಸಾಕಾಗಿ ಹೋಗಿತ್ತು," ಎಂದಳು ಹಿಲ್ಡಾ.

"ಹಿಲ್ಡಾ, ಜನ ಏನಂತಾರೋ..."

"ಜನ ಏನಂತಾರೆ ಅಂತ ನನಗಿಂತ ಚೆನ್ನಾಗಿ ಗೊತ್ತಾ ನಿನಗೆ?" ಡಬ್ಬಿಯನ್ನು ಅವನ ಕೈಗೆ ತುರುಕಿದಳು. "ಪ್ರತಿ ಶನಿವಾರ ಮ್ಯಾಚಿಂದ ಬಂದು ಬೂಟು ಬಿಚ್ತಾ ನಿನ್ನ ವರದಿ ಒಪ್ಪಿಸ್ತಿದ್ದ. 'ಇವತ್ತು ಸಿರಿಲ್ ಗೆಲುವಾಗಿದ್ದ', 'ಇವತ್ತು ಸಿರಿಲ್‌ಗೆ ನೆಗಡಿ ಆಗಿದೆ' ಅಂತ. ಮೈಕಲ್ಲಿ ಕೇಳಿದ ದನಿಯೇ ಅವನಿಗೆ ನಿನ್ನ ಸಮಾಚಾರ."

ಸಿರಿಲ್ ಡಬ್ಬಿಯ ಮುಚ್ಚಳವನ್ನೇ ನೋಡಿದ. "ಹೊಡೆಸ್ತೀನಿ," ಅಂದುಬಿಟ್ಟ.

ಸ್ಕೆಲ್‌ಥಾರ್ಪ್ ಒಂದು ಕಾಲದಲ್ಲಿ ಕಲ್ಲಿದ್ದಲಿನ ಊರು. ಸಿರಿಲ್ ಮತ್ತು ನೆಡ್ ನೆಲದಡಿಯ ಕತ್ತಲಲ್ಲಿ ಪಕ್ಕಪಕ್ಕದಲ್ಲೇ ಗುದ್ದಲಿ ಹಿಡಿದವರು. ಕಲ್ಲಿದ್ದಲಿಗಿಂತ ಅವರು ಹೆಚ್ಚು ಅಗೆದದ್ದು ಫುಟ್‌ಬಾಲನ್ನು. ಚೆಂಡು ನೆಲದ ಮೇಲೇ ಉರುಳಬೇಕು ಅಂತ ನೆಡ್, ಎತ್ತಿ ಒದೆಯದೆ ಈ ಲೀಗಿನಲ್ಲಿ ಗೆಲ್ಲೋಕಾಗಲ್ಲ ಅಂತ ಸಿರಿಲ್. ಆಮೇಲೆ ಗಣಿ ಮುಚ್ಚುವುದರ ವಿರುದ್ಧ ಮುಷ್ಕರ ಬಂತು. ಪ್ರಧಾನಿ ಥ್ಯಾಚರ್ ಬಗ್ಗಲಿಲ್ಲ, ಗಣಿಯವರೂ ಬಗ್ಗಲಿಲ್ಲ. ಒಂದು ವರ್ಷ ಊರು ಉಪವಾಸ ಬಿತ್ತು, ಒಲೆ ಉರಿಸಲು ಮನೆಮನೆಯ ಒಳಬಾಗಿಲುಗಳನ್ನು ಒಡೆದು ಹಾಕಿತು. ಮುಷ್ಕರ ಮುಗಿಯಲು ಮೂರು ವಾರವಿದ್ದಾಗ, ಕಲ್ಲೇಟು ತಡೆಯಲು ಕಿಟಕಿಗೆ ತಂತಿಬಲೆ ಹೊದಿಸಿದ ಬಸ್ಸಿನಲ್ಲಿ ಕೂತು, ಮುಷ್ಕರ ಮುರಿದು ನೆಡ್ ಕೆಲಸಕ್ಕೆ ಹೋದ. ಊರಿನವರು ಅವನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಮಾತು ಬಿಟ್ಟರು, ಅಷ್ಟೇ. ಆಟದ ಮೈದಾನದಲ್ಲಿ ಅವನು ಮೂಲೆಯ ಬಾವುಟದ ಹತ್ತಿರ, ಸಿರಿಲ್‌ನ ಮೈಕಿನ ಕೋಣೆಯ ಕೆಳಗೆ ನಿಲ್ಲುತ್ತಿದ್ದ. ಎಷ್ಟೇ ಜನ ಸೇರಿದರೂ ಅವನ ಸುತ್ತ ಒಂದು ಬಂಡಿ ನಿಲ್ಲುವಷ್ಟು ಜಾಗ ಖಾಲಿಯೇ ಇರುತ್ತಿತ್ತು.

ಸಿರಿಲ್ ಡಬ್ಬಿ ಹಿಡಿದು ಒಳಗೆ ಬಂದಾಗ ಹೆಂಡತಿ ಐವಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾರದು?"

"ಯಾರೂ ಇಲ್ಲ."

"ಯಾರೂ ಇಲ್ದೆ ಕೇಕು ಬಂತಾ?"

ಸಿರಿಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಧೈರ್ಯವಿಲ್ಲ. ಎರಡರ ನಡುವಿನದೊಂದನ್ನು ಹುಡುಕಿದ. "ಇವತ್ತು ಮ್ಯಾಚಿಗೆ ಮುಂಚೆ ಗೌರವಕ್ಕೆ ಅಂತ ಒಂದು ನಿಮಿಷ ಇಡಬೇಕಂತೆ. ಈ ವಾರ ತೀರಿಕೊಂಡವರಿಗೆ," ಎಂದ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಬೇಲಿಯಾಚೆ ಪಕ್ಕದ ಮನೆಯ ಮೋರಿಸ್ ಟಿಂಡಾಲ್ ಗಿಡಕ್ಕೆ ನೀರು ಹಾಕುತ್ತಿದ್ದ. ಆ ವಾರ ಲಂಡನ್ನಿನಲ್ಲಿ ಥ್ಯಾಚರ್ ಕೂಡ ತೀರಿಕೊಂಡಿದ್ದರು ಎನ್ನುವುದು ಸಿರಿಲ್‌ಗೆ ಅಷ್ಟು ಹೊತ್ತಿಗೆ ನೆನಪಾಯಿತು.

"ಸಿರಿಲ್!" ಮೋರಿಸ್ ನೀರಿನ ಪೈಪನ್ನು ಅಲ್ಲೇ ಬಿಟ್ಟು ಬೇಲಿಗೆ ಬಂದ. ಅವನ ಕಣ್ಣು ಒದ್ದೆಯಾಗಿತ್ತು. ಊರಿನಲ್ಲಿ ಆಕೆಯನ್ನು ಮೆಚ್ಚುವವನು ಅವನೊಬ್ಬನೇ. ಸರ್ಕಾರದ ಬಾಡಿಗೆ ಮನೆಯನ್ನು ಆಕೆಯ ಕಾಲದಲ್ಲಿ ಅಗ್ಗಕ್ಕೆ ಕೊಂಡು, ಬಾಗಿಲಿಗೆ ಆಕೆಯ ಪಕ್ಷದ ನೀಲಿ ಬಣ್ಣ ಬಳಿಸಿದ್ದ. "ಈ ಊರಲ್ಲಿ ಒಬ್ಬನಿಗಾದರೂ ಮರ್ಯಾದೆ ಇದೆಯಲ್ಲಪ್ಪಾ! ನಾನು ಕಪ್ಪು ಟೈ ಕಟ್ಕೊಂಡು ಬರ್ತೀನಿ."

"ಮೋರಿಸ್, ಅದು ಆಕೆಗಲ್ಲ..."

"ಹಾಗಿದ್ರೆ ಮತ್ಯಾರಿಗೆ?"

ಸಿರಿಲ್ ಐವಿಯ ಕಡೆಗೊಮ್ಮೆ ನೋಡಿದ. ಮೋರಿಸ್ ಕಣ್ಣು ಹೊಡೆದ. "ಅರ್ಥವಾಯ್ತು ಬಿಡು. ಗುಟ್ಟು."

ಮೋರಿಸ್‌ನ ಗುಟ್ಟು ಎಂದರೆ ಬ್ರೆಡ್ ಅಂಗಡಿಯಲ್ಲಿ ಹೇಳಿ ಬರುವಂಥದ್ದು. ಮಧ್ಯಾಹ್ನ ಸಿರಿಲ್ ಎಂದಿನಂತೆ ಮಾಂಸದ ಪೈ ಕೊಳ್ಳಲು ಹೋದಾಗ ಅಂಗಡಿಯಾಕೆ ಖಾಲಿ ಅಂದಳು. ಗಾಜಿನ ಪೆಟ್ಟಿಗೆಯಲ್ಲಿ ಪೈಗಳು ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದವು.

"ಇವೆಲ್ಲ?"

"ಇವು ಮನುಷ್ಯರಿಗೆ."

ಹೊರಗೆ ಬಂದರೆ ವಾಲಿ ಬ್ರಾಡ್‌ಬೆಂಟ್. ಮುಷ್ಕರದ ದಿನಗಳಲ್ಲಿ ಗಣಿ ಕಾರ್ಮಿಕರ ಸಂಘದ ಮುಂದಾಳು, ಈಗ ಎರಡು ಮಂಡಿಯೂ ಕೆಟ್ಟಿದ್ದರೂ ದನಿ ಮಾತ್ರ ಹಾಗೇ ಇದೆ.

"ಏನೋ ಸಿರಿಲ್, ಅವಳಿಗೆ ಮೌನ ಇಡ್ತೀಯಂತೆ? ನಮ್ಮ ಮೈದಾನದಲ್ಲಿ? ಅವಳು ಮುಚ್ಚಿಸಿದ ಗಣಿ ಮೇಲೆ ಕಾರು ನಿಲ್ಲಿಸಿ ಬಂದು, ಅವಳಿಗೇ ತಲೆ ಬಗ್ಗಿಸಬೇಕಾ ನಾವು?"

"ಅವಳಿಗಲ್ಲ ಮಾರಾಯ, ದೇವರಾಣೆ!"

"ಹಾಗಾದ್ರೆ ಯಾರಿಗೆ, ಬೊಗಳು."

ಹೇಳಿಬಿಡಲೇ ಎನಿಸಿತು. ಆದರೆ ವಾಲಿಯ ಕೆಂಪೇರಿದ ಮುಖ ನೋಡಿದ ಮೇಲೆ ನೆಡ್‌ನ ಹೆಸರು ನಾಲಿಗೆಯಿಂದ ಕೆಳಗೆ ಜಾರಿ ಹೊಟ್ಟೆ ಸೇರಿತು. ಥ್ಯಾಚರ್ ಹೆಸರು ಹೇಳಿದರೆ ಊರು ಬೈಯುತ್ತದೆ. ನೆಡ್ ಹೆಸರು ಹೇಳಿದರೆ ಬೈಯುವಷ್ಟು ಮಾತನ್ನೂ ಆಡಲಿಕ್ಕಿಲ್ಲ.

"ಮೈಕಲ್ಲಿ ಹೇಳ್ತೀನಿ," ಎಂದ.

"ಹೇಳು, ಹೇಳು! ನೀನು ಬಾಯಿ ತೆಗೆದ ತಕ್ಷಣ ನಮ್ಮ ಕಡೆಯವರೆಲ್ಲ ಬೆನ್ನು ತಿರುಗಿಸಿ ಹಾಡೋಕೆ ಶುರು ಮಾಡ್ತಾರೆ. ಒಂದು ನಿಮಿಷ ಅಲ್ಲ, ಅರ್ಧ ಗಂಟೆ ಹಾಡ್ತೀವಿ!"

ಮೈದಾನ ತಲುಪುವ ಹೊತ್ತಿಗೆ ಕ್ಲಬ್ಬಿನ ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲೇ ಕಾದಿದ್ದರು. ಅವರು ಹಳೇ ಕಾರು ಮಾರುವವರು, ಯಾರನ್ನೂ ಎದುರು ಹಾಕಿಕೊಳ್ಳದ ಜಾತಿ. "ಸಿರಿಲ್, ಆಕೆ ಹೆಸರೊಂದು ಹೇಳಬೇಡಪ್ಪಾ. ಮಿಕ್ಕಿದ್ದು ಏನು ಬೇಕಾದ್ರೂ ಮಾಡ್ಕೋ. ಮತ್ತೆ ಆ ಮೈಕಿನ ಗುಂಡಿ ನೋಡ್ಕೋ. ಅವತ್ತಿನ ಥರ ಆಗೋದು ಬೇಡ."

ಅವತ್ತು ಆಗಿದ್ದಿಷ್ಟು. ಮೈಕಿನ ಗುಂಡಿ ಸಡಿಲ. ಬೇಕಾದಾಗ ಕೈಕೊಡುತ್ತದೆ, ಆರಿಸಿದೆ ಅಂದುಕೊಂಡಾಗ ಉರಿಯುತ್ತಲೇ ಇರುತ್ತದೆ. ನವೆಂಬರಿನಲ್ಲೊಮ್ಮೆ ಸಿರಿಲ್ ಪೈ ಅಗಿಯುತ್ತಾ ಅಧ್ಯಕ್ಷರು ತಂದ ಹೊಸ ಗೋಲ್‌ಕೀಪರನ ಬಗ್ಗೆ, "ಇವನಿಗಿಂತ ನಮ್ಮನೆ ಐವಿ ವಾಸಿ," ಅಂದದ್ದು ಇಡೀ ಮೈದಾನಕ್ಕೆ ಕೇಳಿತ್ತು. ಗೋಲ್‌ಕೀಪರನಿಗಿಂತ ಹೆಚ್ಚು ಬೇಜಾರಾದದ್ದು ಐವಿಗೆ.

ತಂಡಗಳು ಬಂದು ನಡುವಿನ ವೃತ್ತದಲ್ಲಿ ಸಾಲಾಗಿ ನಿಂತವು. ಮೇಲಿನ ಕೋಣೆಯ ಕಿಟಕಿಯಿಂದ ಸಿರಿಲ್‌ಗೆ ಎಲ್ಲ ಕಾಣುತ್ತಿತ್ತು. ಕಪ್ಪು ಟೈ ಕಟ್ಟಿದ ಮೋರಿಸ್, ಎದೆಗೆ ಟೊಪ್ಪಿ ಒತ್ತಿಕೊಂಡು ಈಗಾಗಲೇ ಅಳುತ್ತಿದ್ದಾನೆ. ವಾಲಿ ಕೈಯೆತ್ತಿ ತನ್ನವರಿಗೆ ಸನ್ನೆ ಮಾಡಲು ತಯಾರಾಗಿದ್ದಾನೆ. ಮೂಲೆಯ ಬಾವುಟದ ಹತ್ತಿರ ಅದೇ ಖಾಲಿ ಜಾಗ. ನೆಡ್ ಸತ್ತ ಮೇಲೂ ಅಲ್ಲಿ ಯಾರೂ ನಿಂತಿರಲಿಲ್ಲ. ಅದರ ನಡುವೆ ಇವತ್ತು ಹಿಲ್ಡಾ.

ಸಿರಿಲ್ ಗುಂಡಿ ಒತ್ತಿದ. "ಮಹನೀಯರೇ, ಮಹಿಳೆಯರೇ. ಈ ವಾರ ನಮ್ಮನ್ನು ಬಿಟ್ಟು ಹೋದ..."

ಕರ್ ಎಂದು ಮೈಕು ಸತ್ತಿತು.

ಮೈದಾನ ಹೊತ್ತಿಕೊಂಡಿತು. ಸಾವಿರಾರು ಬೆನ್ನುಗಳು ಒಟ್ಟಿಗೆ ತಿರುಗಿದವು, ಬೈಗುಳ, ಸೀಟಿ, ಹಾಡು. ಮೋರಿಸ್ "ನಾಚಿಕೆಗೇಡು!" ಎಂದು ಕೂಗುತ್ತಿದ್ದಾನೆ, ಅವನ ಟೊಪ್ಪಿ ಯಾರದೋ ಕೈಯಿಂದ ಕೈಗೆ ಹಾರುತ್ತಿದೆ. ಪರವೂರಿನ ಆಟಗಾರರಿಗೆ ಏನೂ ಅರ್ಥವಾಗದೆ ಅವರೂ ಬೆನ್ನು ತಿರುಗಿಸಿದರು. ಸಿರಿಲ್ ಮೈಕನ್ನು ಗುದ್ದಿದ, ಬಡಿದ, ಕೊನೆಗೆ ಬೈದ. ಬೈದದ್ದಕ್ಕೆ ಅದು ಬದುಕಿತು.

"ನೆಡ್ ಆಕ್ಲೆ!" ಎಂದು ಕೂಗಿಬಿಟ್ಟ. "ನೆಡ್ ಆಕ್ಲೆಗೆ ಕಣ್ರಯ್ಯಾ!"

ಹಾಡು ಅರ್ಧಕ್ಕೆ ನಿಂತಿತು. ಬೆನ್ನುಗಳು ಒಂದೊಂದಾಗಿ ಇತ್ತ ತಿರುಗಿದವು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅವಳಿಗಲ್ಲ ಎಂಬ ನಿರಾಳ, ಇವನಿಗಾ ಎಂಬ ಆಘಾತ, ಎರಡೂ ಒಟ್ಟಿಗೆ ಗಂಟಲಿಗೆ ಸಿಕ್ಕಿ ಇಡೀ ಮೈದಾನ ಗಪ್‌ಚುಪ್. ಈಗ ಸಿರಿಲ್ ಚಪ್ಪಾಳೆ ಅನ್ನಬೇಕಿತ್ತು. ಆದರೆ ಕೇಳಿದರೆ ಒಬ್ಬನೂ ಹೊಡೆಯದಿದ್ದರೆ? ಮೌನ ಹೇಗೂ ಎದುರಿಗೆ ಸಿದ್ಧವಾಗಿ ಬಿದ್ದಿತ್ತು. ಅದನ್ನೇ ಎತ್ತಿಕೊಂಡ.

"ಒಂದು ನಿಮಿಷ ಮೌನ," ಎಂದ.

ಅಂಥ ಮೌನವನ್ನು ಆ ಮೈದಾನ ಎಂದೂ ಕಂಡಿರಲಿಲ್ಲ. ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ರೆಫರಿ ಸೀಟಿ ಊದಿದಾಗ ಸಿರಿಲ್ ಕುರ್ಚಿಯಲ್ಲಿ ಕುಸಿದು ಕೂತ. ಗೆದ್ದೆ ಎನಿಸಿತು. ಕೊಟ್ಟ ಮಾತೂ ಉಳಿಯಿತು, ಊರೂ ಉಳಿಯಿತು.

ಟೌನ್ ತಂಡ ಎಂದಿನಂತೆ ಸೋತಿತು. ಆಟ ಮುಗಿದ ಮೇಲೆ ವಾಲಿ ಕೆಟ್ಟ ಮಂಡಿಗಳನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದ. ಸಿರಿಲ್ ಏಟಿಗೆ ಸಿದ್ಧನಾದ. ವಾಲಿ ಬೆನ್ನು ತಟ್ಟಿದ.

"ಮಧ್ಯಾಹ್ನ ಬೈದದ್ದು ಮರೆತುಬಿಡು. ಅವನಿಗೆ ಅಂದಾಗ ಮೈ ಉರೀತು. ಆದ್ರೆ ಮೌನ ಅಂದ್ಯಲ್ಲ, ಅಲ್ಲಿ ನಿನ್ನ ಬುದ್ಧಿ ಮೆಚ್ಚಿದೆ! ಅದಕ್ಕೇನು ಕಷ್ಟ ಮಾರಾಯ? ಇಷ್ಟು ವರ್ಷ ಅವನಿಗೆ ಕೊಟ್ಟಿದ್ದೇ ಅದು. ಇನ್ನೊಂದು ನಿಮಿಷ ಹೆಚ್ಚೇ? ಬಾ, ಪಬ್ಬಿಗೆ ಹೋಗೋಣ, ನಂದೇ ಬಿಯರು."

"ಬರ್ತೀನಿ, ನೀನು ನಡಿ," ಎಂದ ಸಿರಿಲ್. ನಗು ಮುಖದಲ್ಲೇ ಒಣಗಿಹೋಯಿತು.

ಕಿಟಕಿಯಿಂದ ಕೆಳಗೆ ನೋಡಿದ. ಹಿಲ್ಡಾ ಇನ್ನೂ ಅಲ್ಲೇ ನಿಂತು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ನಾನು ಕೇಳಿದ್ದು ಚಪ್ಪಾಳೆ ಸಿರಿಲ್," ಎಂದಳು. ಬೈಯಲಿಲ್ಲ. ಕೈಚೀಲ ಸರಿಮಾಡಿಕೊಂಡು ಗೇಟಿನ ಕಡೆಗೆ ನಡೆದಳು.

ಸಿರಿಲ್ ಮೈಕಿನ ಗುಂಡಿ ಆರಿಸಿದ. ಆರಿಸಿದೆ ಅಂದುಕೊಂಡ. ಖಾಲಿ ಮೈದಾನದ ಮೂಲೆಯಲ್ಲಿ ಬಾವುಟ ಜೋತು ಬಿದ್ದಿತ್ತು. ಅದನ್ನು ನೋಡುತ್ತಿದ್ದಂತೆ ಕೈಗಳು ತಾವಾಗಿ ಮೇಲೆದ್ದವು. ಮೊದಲು ಮೆಲ್ಲಗೆ, ಆಮೇಲೆ ಅಂಗೈ ಉರಿಯುವಷ್ಟು ಜೋರಾಗಿ ಒಬ್ಬನೇ ಚಪ್ಪಾಳೆ ಹೊಡೆದ.

"ನೆಡ್," ಎಂದ. ಆ ಹೆಸರು ಹಿಡಿದು ಅವನನ್ನು ಕರೆದು ಎಷ್ಟು ಕಾಲವಾಗಿತ್ತು! "ಇವತ್ತೂ ಚೆಂಡನ್ನ ಆಕಾಶಕ್ಕೇ ಒದ್ದರು ಕಣೋ. ನೀನು ಹೇಳಿದ್ದೇ ಸರಿ. ಎಷ್ಟೋ ವರ್ಷದಿಂದ ಇಲ್ಲಿ ಕೂತು ನೋಡ್ತಾ ಇದೀನಿ, ನೆಲದ ಮೇಲೆ ಆಡಿದಾಗಲೇ ಗೆದ್ದಿರೋದು. ಹೇಳೋಣ ಅಂತ ಪ್ರತಿ ಶನಿವಾರ ಅಂದ್ಕೊತಿದ್ದೆ. ಮೆಟ್ಟಿಲು ಇಳಿಯೋಕೆ ಧೈರ್ಯ ಆಗ್ಲಿಲ್ಲ. ನನಗೆ ನಿನ್ನ ಬಿಟ್ಟು ಬೇರೆ ಸ್ನೇಹಿತ ಇರಲಿಲ್ಲ ಕಣೋ." ಮಾತು ಅಲ್ಲಿಗೆ ಅಳುವಾಯಿತು. ಅಳುತ್ತಲೇ ಇನ್ನಷ್ಟು ಹೊಡೆದ.

ಮೂಗು ಒರೆಸಿಕೊಂಡು ದೀಪ ಆರಿಸಲು ಎದ್ದಾಗ ಮೈಕಿನ ತಲೆಯ ಮೇಲೆ ಸಣ್ಣ ಕೆಂಪು ದೀಪ ಉರಿಯುತ್ತಿರುವುದು ಕಂಡಿತು.

ಸಿರಿಲ್ ಮೆಟ್ಟಿಲಿಳಿದು ಬಂದ. ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದವರು, ಪಬ್ಬಿನ ಬಾಗಿಲಲ್ಲಿ ಲೋಟ ಹಿಡಿದು ನಿಂತವರು, ಎಲ್ಲರೂ ಇದ್ದಲ್ಲೇ ನಿಂತಿದ್ದರು. ಕಂಬದ ಮೇಲಿನ ಧ್ವನಿವರ್ಧಕಗಳು ಒಂದಕ್ಷರ ಬಿಡದೆ ಊರಿಗೆಲ್ಲ ಮುಟ್ಟಿಸಿದ್ದವು.

"ವಾಲಿ," ಎಂದ ಸಿರಿಲ್.

ವಾಲಿ ಅವನ ತಲೆಯ ಮೇಲಿಂದ ದೂರಕ್ಕೆಲ್ಲೋ ನೋಡಿದ. ಉಳಿದವರೂ ನೋಡಿದರು. ಯಾರೂ ಒಂದು ಮಾತಾಡಲಿಲ್ಲ. ಸಿರಿಲ್ ಮುಂದೆ ಹೆಜ್ಜೆಯಿಟ್ಟಂತೆ ಜನ ಹಿಂದೆ ಸರಿದರು. ಅವನ ಸುತ್ತ ಜಾಗ ಬಿಟ್ಟುಕೊಳ್ಳುತ್ತಾ ಹೋಯಿತು, ಒಂದು ಬಂಡಿ ನಿಲ್ಲುವಷ್ಟು. ದಾರಿ ಬಿಡದೆ ಮುನ್ನುಗ್ಗಿ ಬಂದವನು ಮೋರಿಸ್ ಒಬ್ಬನೇ. ಆದರೆ ತನ್ನ ನಾಯಕಿಗೆ ಸಲ್ಲಬೇಕಾದ ನಿಮಿಷವನ್ನು ಯಾರಿಗೋ ಕೊಟ್ಟದ್ದಕ್ಕೆ ಅವನಿಗೂ ಸಿಟ್ಟು. ಅವನೂ ಮಾತಾಡದೆ ದಾಟಿಹೋದ.

ಖಾಲಿ ಜಾಗದ ಆಚೆ ತುದಿಯಲ್ಲಿ, ಬೀದಿದೀಪದ ಕೆಳಗೆ ಹಿಲ್ಡಾ ನಿಂತಿದ್ದಳು. ಅವನು ಹತ್ತಿರ ಬರುವ ತನಕ ಕಾದಳು. ಇಬ್ಬರೂ ಒಂದೇ ಸಾಲಿನ ಮನೆಯವರು, ದಾರಿಯೂ ಒಂದೇ. ಸ್ವಲ್ಪ ದೂರ ಜೊತೆಯಲ್ಲಿ ನಡೆದ ಮೇಲೆ ಕೈಚೀಲದಿಂದ ಒಂದು ಕರ್ಚೀಫು ತೆಗೆದು ಕೊಟ್ಟಳು. ಗಂಡಸರ ಕರ್ಚೀಫು, ಇಸ್ತ್ರಿ ಮಾಡಿದ್ದು.

"ಇವತ್ತು ನಿನಗೆ ನೆಗಡಿ ಆಗಿದೆ ಸಿರಿಲ್," ಎಂದಳು.